ಕ್ರೌನ್ ಸ್ಟ್ರೀಟಿನ 301ನೇ ನಂಬರಿನ ಮನೆ

ಪುಟ್ಟಿ, ವೀಸಾ ಬಂತಂತೆ, ಸಂತೋಷ. ಕುಕ್ಕರ್, ಚಟ್ನಿಪುಡಿ, ಸ್ವೆಟರ್ ವಿಷಯವೆಲ್ಲ ನಿಮ್ಮಮ್ಮ ಹೇಳಿಯೇ ಇರುತ್ತಾಳೆ. ನಾನು ಒಂದು ಮನೆಯ ವಿಷಯ ಹೇಳುತ್ತೇನೆ.

ನೀನು ಓದಲು ಹೊರಟಿರುವ ಯೇಲ್ ವಿಶ್ವವಿದ್ಯಾಲಯದ ಹತ್ತಿರ ಕ್ರೌನ್ ಸ್ಟ್ರೀಟ್ ಅಂತ ಇದೆ. ಅಲ್ಲಿ 295ರಲ್ಲಿರುವುದು ಏಷ್ಯನ್ ಅಮೆರಿಕನ್ನರ ಸಾಂಸ್ಕೃತಿಕ ಕೇಂದ್ರ, 1981ರಲ್ಲಿ ಶುರುವಾದದ್ದು. ಅಲ್ಲಿಗೆ ನಿನ್ನನ್ನು ಯಾರಾದರೂ ದೀಪಾವಳಿಗೆ ಎಳೆದುಕೊಂಡು ಹೋಗೇ ಹೋಗುತ್ತಾರೆ. ಅಲ್ಲೇ ಹತ್ತಿರದಲ್ಲಿ 301 ಇದೆಯಲ್ಲ, ನಾನು ಹೇಳುತ್ತಿರುವುದು ಅದನ್ನು. ಲಾ ಕಾಸಾ. ಸ್ಪ್ಯಾನಿಷ್‌ನಲ್ಲಿ ಕಾಸಾ ಅಂದರೆ ಮನೆ. 1974ರಲ್ಲಿ ಶುರುವಾದ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ವಿದ್ಯಾರ್ಥಿಗಳ ಕೇಂದ್ರ ಅದು. ಪೋರ್ಟೊ ರಿಕೊದ ಕವಯಿತ್ರಿ ಹುಲಿಯಾ ದೆ ಬುರ್ಗೋಸ್ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಬರೆಯುವಾಗ ಜೆ, ಓದುವಾಗ ಹ. ಜೂಲಿಯಾ ಅಂದುಬಿಟ್ಟೀಯ!

ಈ ಹುಲಿಯಾ 1953ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಬೀದಿಯಲ್ಲಿ ಕುಸಿದು ಬಿದ್ದಳು. ವಯಸ್ಸು 39. ಆಸ್ಪತ್ರೆಯಲ್ಲಿ ಸತ್ತಾಗ ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಅನಾಥ ಹೆಣಗಳ ಜೊತೆ ಮಣ್ಣು ಮಾಡಿದರು. ಸ್ನೇಹಿತರು ಹುಡುಕಿ ಪತ್ತೆ ಮಾಡಿ, ಆಮೇಲೆ ದೇಹವನ್ನು ಅವಳ ದ್ವೀಪಕ್ಕೆ ಸಾಗಿಸಿದರು. ದಿಕ್ಕಿಲ್ಲದೆ ಸತ್ತವಳ ಹೆಸರನ್ನೇ ಮನೆಗೆ ಇಟ್ಟರಲ್ಲ, ಆ ಹುಡುಗರಿಗೆ ಆ ಮನೆ ಯಾಕೆ ಬೇಕಾಗಿತ್ತು ಎನ್ನುವುದು ನನಗೆ ಅರ್ಥವಾದದ್ದು ಅದರಿಂದ.

ಅರ್ಥವಾಗಲು ತಡವಾಯಿತು ಅನ್ನು. ನಾನು ಓದುವಾಗ, ಬೇರೆ ಕಡೆ, ಇಂಥದೇ ಒಂದು ಮನೆಗೆ ಊಟದ ಆಸೆಗೆ ಹೋಗಿದ್ದೆ. ಒಬ್ಬ ಹುಡುಗಿ ಬಾಳೆಕಾಯಿ ಬಿಲ್ಲೆಗಳನ್ನು ಎಣ್ಣೆಯಿಂದ ತೆಗೆದು, ಬಟ್ಟಲ ತಳದಿಂದ ಒತ್ತಿ ಚಪ್ಪಟೆ ಮಾಡಿ, ಮತ್ತೆ ಎಣ್ಣೆಗೆ ಬಿಡುತ್ತಿದ್ದಳು. ತೊಸ್ತೋನೆಸ್ ಅಂತಾರೆ. ನಿಮ್ಮ ದೇಶ ಯಾವುದು ಅಂದೆ. "ಹಾರ್ಟ್‌ಫರ್ಡ್" ಅಂದಳು. ಅದು ಕನೆಕ್ಟಿಕಟ್ ರಾಜ್ಯದ ರಾಜಧಾನಿ. ಅದಲ್ಲ, ಮೂಲ ಯಾವುದು ಅಂದೆ. ಜಾಲರಿ ಸೌಟು ಹಿಡಿದೇ ತಿರುಗಿ, "ನೀನು ಈ ದೇಶಕ್ಕೆ ಬಂದು ಎಷ್ಟು ದಿನವಾಯಿತು?" ಅಂತ ಕೇಳಿದಳು. ಏಳು ತಿಂಗಳು. ಆಮೇಲೆ ತಟ್ಟೆಗೆ ಎರಡು ಹೆಚ್ಚೇ ಹಾಕಿದಳು, ಆದರೆ ಗಂಟಲಲ್ಲಿ ಇಳಿಯಲಿಲ್ಲ.

ಅವಳ ತಾತ ಪೋರ್ಟೊ ರಿಕೊದಿಂದ ಕನೆಕ್ಟಿಕಟ್ ನದಿ ಕಣಿವೆಯ ತಂಬಾಕು ಹೊಲಗಳಿಗೆ ಕೂಲಿಗೆ ಬಂದವನು. ಪೋರ್ಟೊ ರಿಕೊದವರು 1917ರಿಂದಲೇ ಅಮೆರಿಕದ ಪ್ರಜೆಗಳು, ವೀಸಾ ಗೀಸಾ ಬೇಡ. ನೋಡು, ನಾನೂ ನೀನೂ ಪರದೇಶಿಗಳು ಅಂತ ಗೊತ್ತಿದ್ದೇ ಹೋಗುವವರು. ಏರ್‌ಪೋರ್ಟಿಗೆ ಯಾರೋ ಸೀನಿಯರ್ ಬರುತ್ತಾರೆ, ಕನ್ನಡ ಕೂಟದವರು ಹಾಸಿಗೆ ಕೊಡುತ್ತಾರೆ. ಅವಳು ಪರದೇಶಿಯಲ್ಲ, ಆದರೂ ಕಾಲೇಜಿನ ಆ ಕಲ್ಲಿನ ಕಟ್ಟಡಗಳ ನಡುವೆ ಅವಳಿಗೆ ಯಾರೂ ಇಲ್ಲ. ಅಪ್ಪ ಅಮ್ಮ ಕಾಲೇಜು ಕಂಡವರಲ್ಲ. ಸ್ಕಾಲರ್‌ಶಿಪ್ಪಿನ ಫಾರಂ ತುಂಬುವುದು ಹೇಗೆ, ಪ್ರೊಫೆಸರ್ ಹೇಳುವ 'ಆಫೀಸ್ ಅವರ್ಸ್' ಅಂದರೇನು, ಅದು ಬೈಸಿಕೊಳ್ಳುವುದಕ್ಕೋ ಕೇಳುವುದಕ್ಕೋ, ಇದನ್ನೆಲ್ಲ ನಾಚಿಕೆ ಪಡದೆ ವಿಚಾರಿಸಲು ಒಂದು ಸೋಫಾ, ಒಂದು ಅಡುಗೆಮನೆ ಬೇಕು. ಹಾಡು, ಕುಣಿತ, ಭಾಷಣ ಎಲ್ಲ ಆಮೇಲಿನ ಮಾತು.

ಒಂದು ಗುಂಪಿಗೆ ಯಾಕೆ ಬೇರೆ ಮನೆ, ಎಲ್ಲರೂ ವಿದ್ಯಾರ್ಥಿಗಳೇ ತಾನೆ ಅಂತ ನಿನ್ನ ಕ್ಲಾಸಿನವರೇ ಕೇಳುತ್ತಾರೆ. ಟೆಕ್ಸಾಸ್‌ನಲ್ಲಿ ಇಂಥವಕ್ಕೆ ತಡೆ ಹಾಕುವ ಕಾನೂನೇ ಬಂತು. 2024ರ ಜನವರಿಗೆ ಅಲ್ಲಿನ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನ ಬಹುಸಂಸ್ಕೃತಿ ಕೇಂದ್ರವನ್ನು ಮುಚ್ಚಿದರು. ಆ ಪ್ರಶ್ನೆ ಪೂರ್ತಿ ಪೊಳ್ಳೇನಲ್ಲ. ಒಳಗೇ ಕೂತು ನಾಲ್ಕು ವರ್ಷ ಹೊರಗೆ ತಲೆ ಹಾಕದವರನ್ನು ನಾನೇ ಕಂಡಿದ್ದೇನೆ. ನಮ್ಮ ಕೂಟಗಳಿಗೂ ಆ ಕಾಯಿಲೆ ಇದೆ. ಆದರೆ ಕೇಳುವವರಲ್ಲಿ ಹೆಚ್ಚಿನವರು ಆ ಮನೆಯ ಮೆಟ್ಟಿಲು ಹತ್ತಿಯೇ ಇರುವುದಿಲ್ಲ. ನೀನು ಹತ್ತಿ ನೋಡಿ ಆಮೇಲೆ ವಾದ ಮಾಡು. ತಿನ್ನಲು ಮಾತ್ರ ಹೋಗಬೇಡ, ಕೂತವರನ್ನು ಮೂಲ ಕೇಳಬೇಡ.

ನವೆಂಬರ್ 1, 2ಕ್ಕೆ ಅಂಥ ಮನೆಗಳಲ್ಲಿ ಮೆಕ್ಸಿಕೋ ಮೂಲದ ಹುಡುಗರು ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಫೋಟೋ, ದೀಪ, ರೊಟ್ಟಿ, ಅವರಿಗೆ ಇಷ್ಟವಾದ ತಿಂಡಿ. ಥೇಟ್ ನಮ್ಮ ಪಿತೃಪಕ್ಷ. ಮತ್ತೆ ರಾಶಿ ರಾಶಿ ಚೆಂಡುಹೂವು. ಅದು ನಮ್ಮದೇ ಹೂವು ಅಂತ ಜಂಬ ಪಟ್ಟೀಯ, ಅದರ ತವರು ಮೆಕ್ಸಿಕೋ, ಅಲ್ಲಿಂದಲೇ ಆಯುಧಪೂಜೆಗೆ ಬಂದದ್ದು. ಅವರು ಸೂಜಿಯಲ್ಲಿ ಪೋಣಿಸುತ್ತಾ ಒದ್ದಾಡುತ್ತಿರುತ್ತಾರೆ. ನಿನಗೆ ಅಜ್ಜಿ ಹೂ ಕಟ್ಟುವುದು ಕಲಿಸಿದ್ದಾರೆ. ಅಲ್ಲಿ ಬಾಳೆನಾರು ಸಿಗುವುದಿಲ್ಲ, ದಪ್ಪನೆಯ ದಾರದ ಉಂಡೆ ಒಂದನ್ನು ಪೆಟ್ಟಿಗೆಗೆ ಹಾಕಿಕೋ.