ಕಲಾವಿದೆಯ ಪ್ರಶ್ನೆ, ವಿಜ್ಞಾನಿಯ ಉತ್ತರ: ಉದ್ಯಮಿಗೊಂದು ಪಾಠ

ಹೊಸ ಉತ್ಪನ್ನದ ಕಲ್ಪನೆ ಸಂಶೋಧನಾಲಯದಿಂದಲೇ ಬರಬೇಕೆಂಬ ನಿಯಮವಿಲ್ಲ. ಉದ್ಯಮದ ಸಂಬಂಧವೇ ಇಲ್ಲದ ಕಲಾವಿದರ ಬೇಡಿಕೆಯೊಂದರಿಂದಲೂ ಹೊಸ ಮಾರುಕಟ್ಟೆ ಹುಟ್ಟಬಹುದು. 1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನ ಇದಕ್ಕೆ ನಿದರ್ಶನ. ಇಂತಹ ಸಹಯೋಗದ ಲಾಭ, ಅಪಾಯಗಳೆರಡನ್ನೂ ಅದರಲ್ಲಿ ಕಾಣಬಹುದು.

ಹಿನ್ನೆಲೆ

ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಬಿಲ್ಲಿ ಕ್ಲೂವರ್, ಚಿತ್ರಕಲಾವಿದ ರಾಬರ್ಟ್ ರೌಶೆನ್‌ಬರ್ಗ್ ಮೊದಲಾದವರು 1966ರಲ್ಲಿ ‘ಎಕ್ಸ್‌ಪೆರಿಮೆಂಟ್ಸ್ ಇನ್ ಆರ್ಟ್ ಅಂಡ್ ಟೆಕ್ನಾಲಜಿ’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಕಲಾವಿದರನ್ನೂ ಎಂಜಿನಿಯರುಗಳನ್ನೂ ಒಂದೇ ಕೆಲಸದಲ್ಲಿ ತೊಡಗಿಸುವುದು ಅದರ ಉದ್ದೇಶ. ಒಸಾಕಾದಲ್ಲಿ ಪೆಪ್ಸಿ-ಕೋಲಾ ಕಂಪೆನಿಯ ಮಂಟಪವನ್ನು ರೂಪಿಸುವ ಹೊಣೆ ಈ ಸಂಸ್ಥೆಗೆ ದೊರೆಯಿತು.

ನೀರಿನಿಂದ ಮಂಜು

ಮಂಟಪವನ್ನು ಮಂಜಿನಿಂದ ಆವರಿಸುವ ಕೆಲಸ ಜಪಾನಿನ ಕಲಾವಿದೆ ಫುಜಿಕೊ ನಕಾಯಾ ಅವರದು. ಮಂಜು ರಾಸಾಯನಿಕಗಳಿಂದಲ್ಲ, ಬರೀ ನೀರಿನಿಂದಲೇ ಆಗಬೇಕು. ಜನರು ಅದರೊಳಗೆ ನಿರ್ಭಯವಾಗಿ ನಡೆದಾಡಬೇಕು ಎಂಬುದು ಅವರ ಷರತ್ತು. ಕ್ಯಾಲಿಫೋರ್ನಿಯಾದ ಮೋಡವಿಜ್ಞಾನಿ ಥಾಮಸ್ ಮೀ ಅವರಿಗೆ ಆವರೆಗೆ ತಿಳಿದಿದ್ದುದು ರಾಸಾಯನಿಕಗಳಿಂದ ಕೃತಕ ಮಂಜು ತಯಾರಿಸುವ ವಿಧಾನ. ಷರತ್ತಿಗೆ ಒಪ್ಪಿದ ಮೀ ಹೊಸ ದಾರಿ ಹುಡುಕಿದರು. ಅಧಿಕ ಒತ್ತಡದ ನೀರು ಅತಿಸಣ್ಣ ರಂಧ್ರದ ನಾಜಲ್‌ನಿಂದ ಚಿಮ್ಮಿ, ಎದುರಿನ ಸೂಜಿಮೊನೆಗೆ ಬಡಿದು, ಸೂಕ್ಷ್ಮ ಹನಿಗಳಾಗಿ ಒಡೆಯುವ ವ್ಯವಸ್ಥೆ ಸಿದ್ಧವಾಯಿತು. ಅಂತಹ ಎರಡು ಸಾವಿರಕ್ಕೂ ಹೆಚ್ಚು ನಾಜಲ್‌ಗಳು ಮಂಟಪವನ್ನು ಮಂಜಿನಲ್ಲಿ ಮುಳುಗಿಸಿದವು.

ಪ್ರದರ್ಶನ ಮುಗಿದರೂ ತಂತ್ರಜ್ಞಾನ ಉಳಿಯಿತು. ಮೀ ಅವರ ಕಂಪೆನಿಯು ಅದನ್ನು ಹಣ್ಣಿನ ತೋಟಗಳ ಹಿಮರಕ್ಷಣೆಗೆ, ಹಸಿರುಮನೆಗಳಿಗೆ, ಮುಂದೆ ವಿದ್ಯುತ್ ಸ್ಥಾವರಗಳ ಗ್ಯಾಸ್ ಟರ್ಬೈನ್‌ಗಳಿಗೂ ಒದಗಿಸಿತು. ಟರ್ಬೈನ್ ಸೇರುವ ಗಾಳಿ ತಂಪಾದಷ್ಟೂ ಸಾಂದ್ರವಾಗಿ, ಉತ್ಪಾದನೆ ಹೆಚ್ಚುತ್ತದೆ. ಕಲಾವಿದೆ ಹಾಕಿದ ಷರತ್ತು ಹೀಗೆ ಕಾರ್ಖಾನೆಯ ಆದಾಯವಾಯಿತು.

ಲೆಕ್ಕದ ಇನ್ನೊಂದು ಮುಖ

ಮಂಟಪದ ನಿರ್ವಹಣೆಗೆ ಮೊದಲು ಸೂಚಿಸಿದ್ದ ಮೊತ್ತ 1,85,000 ಡಾಲರ್. ನಂತರ ಸಂಸ್ಥೆ ಮುಂದಿಟ್ಟ ಒಪ್ಪಂದದ ಮೊತ್ತ 4,05,000 ಡಾಲರ್. ಸಂಬಂಧ ಮುರಿದು, ಕಂಪೆನಿಯು ಮಂಟಪವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ನಿರ್ಮಾಣದ ಖರ್ಚಿನೊಡನೆ ನಿರ್ವಹಣೆಯ ಖರ್ಚನ್ನೂ ಆರಂಭದಲ್ಲೇ ನಿಗದಿಪಡಿಸದಿದ್ದರೆ ಉತ್ತಮ ಸಹಯೋಗವೂ ಉಳಿಯದು.

ನಮ್ಮ ಉದ್ಯಮಿಗಳು ಗಮನಿಸಬೇಕಾದುದು

ಆಟಿಕೆ, ಪೀಠೋಪಕರಣ, ಜವಳಿ ಮುಂತಾದ ಉತ್ಪನ್ನಗಳಿಗೆ ಕಲಾವಿದರ ಅಥವಾ ತಂತ್ರಜ್ಞರ ನೆರವು ಪಡೆಯುವ ಸಣ್ಣ ತಯಾರಕರು ಈ ಅಂಶಗಳನ್ನು ಮರೆಯಬಾರದು:

1. ನೌಕರರಲ್ಲದವರಿಂದ ಮಾಡಿಸಿದ ಕೃತಿಯ ಹಕ್ಕು, ಹಣ ಕೊಟ್ಟ ಮಾತ್ರಕ್ಕೆ ಎಲ್ಲ ಸಂದರ್ಭಗಳಲ್ಲೂ ತಯಾರಕರಿಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಸಹಿಯನ್ನು ಹೊಂದಿರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಸೀಮಿತ. ರಫ್ತುದಾರರಿಗೆ ಇದು ಮುಖ್ಯ.

2. 2000ನೇ ಇಸವಿಯ ವಿನ್ಯಾಸ ಕಾಯಿದೆಯಡಿ ನೋಂದಣಿ ಮಾಡಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಿಂದ 50ಕ್ಕೂ ಹೆಚ್ಚು ವಸ್ತುಗಳ ಮೇಲೆ ಬಳಸಿದರೆ, ಅದರ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆ. ನೋಂದಣಿಯಾದರೆ 10 ವರ್ಷ ರಕ್ಷಣೆ ದೊರೆಯುತ್ತದೆ. ಇನ್ನೂ 5 ವರ್ಷ ವಿಸ್ತರಿಸಬಹುದು. ವಿನ್ಯಾಸವನ್ನು ಬಹಿರಂಗಪಡಿಸುವ ಮೊದಲೇ ಅರ್ಜಿ ಸಲ್ಲಿಸಬೇಕು.

3. ಪ್ರಯೋಗದ ವೆಚ್ಚ, ನಿರ್ವಹಣೆಯ ವೆಚ್ಚ, ಮುಂದಿನ ಲಾಭದ ಪಾಲು ಈ ಮೂರನ್ನೂ ಪ್ರತ್ಯೇಕವಾಗಿ ಬರೆದಿಡಬೇಕು.

ಕಲಾವಿದರ ಷರತ್ತು ಅವ್ಯಾವಹಾರಿಕವೆಂದು ತೋರಿದಾಗ ತಕ್ಷಣ ತಳ್ಳಿಹಾಕದೆ ಒಮ್ಮೆ ಪರೀಕ್ಷಿಸುವುದು ಲೇಸು. ಪರೀಕ್ಷೆಗೆ ತೊಡಗುವ ಮೊದಲು ಒಪ್ಪಂದಕ್ಕೆ ಸಹಿಯಾಗಿರಲಿ.