ಮಿಡತೆ ಎಂಬ ಒಂದು ಹೆಸರು, ಎರಡು ಜೀವ

'ಮಿಡತೆ' ಎಂಬ ಹೆಸರಿನ ಹಿಂದೆ 'ಮಿಡಿ' ಎಂಬ ಧಾತುವಿದೆ. ಚಿಮ್ಮುವ ಗುಣವನ್ನು ಕಂಡು ಕನ್ನಡವು ಆ ಹೆಸರಿಟ್ಟಿತು. ತಮಿಳಿನ 'ವೆಟ್ಟುಕ್ಕಿಳಿ' ಎಂದರೆ ಕತ್ತರಿಸುವ ಗಿಳಿ. ಅಲ್ಲಿ ಪೈರಿನ ನಷ್ಟವೇ ಹೆಸರಾಯಿತು. ತೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಈ ಎರಡು ಭಾಷೆಗಳೂ ಕಲೆತಿವೆ. ಅಲ್ಲಿನ ಕಪ್ಪಿಲಿಯರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುತ್ತ ಬಂದ ಬೇಸಾಯಗಾರರು. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದು, ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಪೂರ್ವಕ್ಕೆ ತಿರುಗಿದ ಮೇಲೆ ಈ ಕಣಿವೆ ಭತ್ತದ ಸೀಮೆಯಾಯಿತು.

ಭತ್ತದ ಗದ್ದೆಯ 'ಮಿಡತೆ'ಗಳೆಲ್ಲವೂ ಒಂದೇ ಕುಲದವಲ್ಲ. ಗಿಡ್ಡ ಮೀಸೆಯದು ಎಲೆ ಮೇಯುವ ಮಿಡತೆ. ನೂಲಿನಂತಹ ಮೀಸೆ ಮೈಗಿಂತ ಎರಡು ಪಟ್ಟು ಉದ್ದವಿದ್ದರೆ ಅದು ಬೇರೆ ಜೀವ: ಶಾಸ್ತ್ರಜ್ಞರು ಕೊನೊಸಿಫ್ಯಾಲಸ್ ಎನ್ನುವ ಕುಲದ ಬೇಟೆಗಾರ. ಇದರ ಕಿವಿ ಮುಂಗಾಲಿನಲ್ಲಿದೆ! ಗಂಡು ತನ್ನ ಎಡರೆಕ್ಕೆಯನ್ನು ಬಲರೆಕ್ಕೆಯ ಮೇಲೆ ಉಜ್ಜಿ ಹಾಡುತ್ತದೆ. ಹೆಣ್ಣಿನ ಹಿಂಭಾಗದ ಕತ್ತಿಯಂತಹ ಅಂಗ ಕುಟುಕುವ ಕೊಂಡಿಯಲ್ಲ, ಗಿಡದ ಅಂಗಾಂಶದೊಳಗೆ ಮೊಟ್ಟೆ ಸೇರಿಸುವ ಸಾಧನ. ಮೊಟ್ಟೆಯೊಡೆದು ಬಂದ ಮರಿ ಚಿಟ್ಟೆಯ ಮರಿಯಂತೆ ಕಂಬಳಿಹುಳುವಾಗಿ ತೆವಳುವುದಿಲ್ಲ, ಗೂಡಿನ ನಿದ್ದೆಯೂ ಅದಕ್ಕಿಲ್ಲ. ರೆಕ್ಕೆಯಿಲ್ಲದ ಪುಟ್ಟ ಪ್ರತಿರೂಪವಾಗಿ ಹುಟ್ಟಿ, ಪೊರೆ ಕಳಚುತ್ತ ಕಳಚುತ್ತ ಬೆಳೆಯುತ್ತದೆ. ದಕ್ಷಿಣ ಯುರೋಪಿನ ಬಂಧು ಸಾಗಾ ಪೆಡೊ ಇನ್ನೂ ವಿಚಿತ್ರ: ಅದರಲ್ಲಿ ಗಂಡಿನ ನೆರವಿಲ್ಲದೆ ಹೆಣ್ಣೇ ಸಂತತಿ ನಡೆಸುತ್ತದೆ.

ಕೊನೊಸಿಫ್ಯಾಲಸ್ ಲಾಂಜಿಪೆನ್ನಿಸ್ ಎಂಬ ಪ್ರಭೇದವು ಇರುಳಿನಲ್ಲಿ ಚುರುಕು. ಜಿಗಿಹುಳುವಿನ ಮರಿಗಳನ್ನೂ ತೆನೆತಿಗಣೆಯ ಮೊಟ್ಟೆಗಳನ್ನೂ ತಿನ್ನುತ್ತದೆ. ಅದರ ದೊಡ್ಡ ಉಪಕಾರವೆಂದರೆ ಹಳದಿ ಕಾಂಡಕೊರಕದ ಮೊಟ್ಟೆಗುಂಪುಗಳನ್ನು ಕಬಳಿಸುವುದು. ಆ ಗುಂಪುಗಳ ಮೇಲೆ ಪತಂಗವು ತನ್ನದೇ ರೋಮದ ಹೊದಿಕೆ ಹಾಸಿರುತ್ತದೆ. ಈ ಬೇಟೆಗಾರನ ದವಡೆಗೆ ಅದು ಅಡ್ಡಿಯಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1987ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಒಂದು ಕೀಟ ದಿನಕ್ಕೆ 3-4 ಮೊಟ್ಟೆಗುಂಪು ತಿನ್ನಬಲ್ಲದು. ಹಾಗೆಂದು ಇದನ್ನು ಸಾಧುವೆನ್ನಲಾಗದು, ಭತ್ತದ ಎಲೆ ತೆನೆಗಳಿಗೂ ಇದು ಬಾಯಿ ಹಾಕುತ್ತದೆ. ಆದರೂ ಲೆಕ್ಕ ಹಾಕಿದರೆ ರೈತನ ಕಡೆಗೇ ತೂಕ.

ಹೆಸರಿನ ಗೊಂದಲ ದುಬಾರಿಯಾಗುವುದು ಇಲ್ಲಿಯೇ. ಮೊಟ್ಟೆಯಿಂದ ಹೊರಟ ಕೊರಕದ ಮರಿ ಕಾಂಡದೊಳಗೆ ಸೇರಿಕೊಂಡರೆ ಸುಳಿ ಒಣಗುತ್ತದೆ, ತೆನೆ ಜೊಳ್ಳಾಗಿ ಬಿಳಿಚುತ್ತದೆ; ಒಳಗಿರುವ ಮರಿಗೆ ಸಿಂಪಡಿಸಿದ ಔಷಧಿ ಸುಲಭವಾಗಿ ತಟ್ಟದು. 'ಮಿಡತೆ ಬಿದ್ದಿದೆ' ಎಂದು ಸಿಂಪಡಿಸಿದ ಔಷಧಿ ಮೊದಲು ತಟ್ಟುವುದು ಎಲೆಯ ಮೇಲೆ ಕುಳಿತ ಉದ್ದ ಮೀಸೆಯ ಕಾವಲುಗಾರನಿಗೆ.