ಒಣ ಮಾಂಸ ಮತ್ತು ಗೆಣಸು: ಆಹಾರಮೌಲ್ಯದ ಹೋಲಿಕೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಒಕ್ಕಲುಮನೆಗಳಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ ನಿತ್ಯದ ಆಹಾರ. ಇವುಗಳ ಜೊತೆಗೆ ಉಪ್ಪು ಹಚ್ಚಿ ಒಣಗಿಸಿದ ಮಾಂಸ ಮೇಲೋ, ಗೆಣಸು ಮೇಲೋ ಎಂಬ ಪ್ರಶ್ನೆ ಸಹಜ. ಇವೆರಡರ ಕೆಲಸವೇ ಬೇರೆ.

100 ಗ್ರಾಂ ಹಸಿ ಗೆಣಸಿನಲ್ಲಿ 20ರಿಂದ 28 ಗ್ರಾಂ ಶರ್ಕರಪಿಷ್ಟವಿದ್ದು, ಸಸಾರಜನಕ 1ರಿಂದ 2 ಗ್ರಾಂ ಮಾತ್ರ. ಉಳಿದದ್ದು ಬಹುಪಾಲು ನೀರು. ಅಷ್ಟೇ ತೂಕದ ಹಸಿ ಮಾಂಸದಲ್ಲಿ ಸಸಾರಜನಕ ಸುಮಾರು 20 ಗ್ರಾಂ. ಒಣಗಿದಾಗ ನೀರು ಹೋಗಿ ಈ ಪ್ರಮಾಣ ಎರಡು ಪಟ್ಟನ್ನೂ ಮೀರುತ್ತದೆ. ಸುಲಭವಾಗಿ ಮೈಗೆ ಹತ್ತುವ ಕಬ್ಬಿಣಾಂಶ ಮತ್ತು ಬಿ-12 ಜೀವಸತ್ವ ಮಾಂಸದಲ್ಲಿವೆ. ಗೆಣಸಿನಿಂದ ಶಕ್ತಿ, ನಾರು ಮತ್ತು ಸಿ ಜೀವಸತ್ವ ದೊರೆಯುತ್ತವೆ. ಕಿತ್ತಳೆ ತಿರುಳಿನ ಗೆಣಸು ಎ ಜೀವಸತ್ವವನ್ನೂ ಒದಗಿಸುತ್ತದೆ.

ಒಣ ಮಾಂಸದ ಉಪ್ಪು ರಕ್ತದೊತ್ತಡವಿದ್ದವರಿಗೆ ಹಿತವಲ್ಲ. ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಆದ್ದರಿಂದ ಅದು ಮಿತವಾಗಿರಲಿ.

ಮಾಂಸ ತಿನ್ನದವರಿಗೆ ಬರೀ ಗೆಣಸು ಸಾಲದು. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಜೋಳದಲ್ಲಿ ಕೊರತೆಯಾಗುವ ಲೈಸಿನ್ ಕೂಡ ಇದೆ. ಬಿ-12ಕ್ಕೆ ಹಾಲು, ಮೊಸರು ಬೇಕು. ರೈತರು ರಾಶಿಯಾದ ತೊಗರಿಯನ್ನೆಲ್ಲ ಪೇಟೆಗೆ ಸಾಗಿಸದೆ ವರ್ಷದ ಬೇಳೆಯನ್ನು ಮನೆಗೆ ಉಳಿಸಿಕೊಳ್ಳಬೇಕು. ಗರ್ಭಿಣಿ, ಬಾಣಂತಿ ಮತ್ತು ಮಕ್ಕಳಿಗೆ ಅದನ್ನು ಮೊದಲು ಬಡಿಸಬೇಕು.